ರಾಯಣ್ಣನ ಲಾವಣಿ ಯಾರ ಹಾಡು?

ಬೆಳಗಾವಿ ಶಹರದಿಂದ ಖಾನಾಪುರದ ಹಾದಿ ಹಿಡಿದರೆ ಶಹರ ಮುಗಿಯುವ ಹೊತ್ತಿಗೆ ಪೀರನವಾಡಿ ಬರುತ್ತದೆ. ಅಲ್ಲಿಯ ಚೌಕದಲ್ಲಿ ಒಬ್ಬ ರಾಯಣ್ಣ ನಿಂತಿದ್ದಾನೆ. 2020ರ ಆಗಸ್ಟ್ ತಿಂಗಳಲ್ಲಿ ರಾತ್ರೋರಾತ್ರಿ ಅವನನ್ನು ತಂದು ನಿಲ್ಲಿಸಿದರು. ಬೆಳಗಾದರೆ ಒಂದು ಕಡೆ ಕನ್ನಡದವರು, ಇನ್ನೊಂದು ಕಡೆ ಮರಾಠಿಯವರು, ನಡುವೆ ಪೊಲೀಸರು. ಕೊನೆಗೆ ರಾಜಿಯಾಯಿತು: ಪ್ರತಿಮೆ ರಾಯಣ್ಣನದು, ಚೌಕದ ಹೆಸರು ಶಿವಾಜಿ ಮಹಾರಾಜರದು. ಮರುವರ್ಷ, 2021ರ ಡಿಸೆಂಬರಿನಲ್ಲಿ, ಅನಗೋಳದಲ್ಲಿದ್ದ ಇನ್ನೊಂದು ರಾಯಣ್ಣನ ಪ್ರತಿಮೆಯನ್ನು ಕತ್ತಲಲ್ಲಿ ಯಾರೋ ಭಗ್ನಗೊಳಿಸಿದರು. ಮತ್ತೆ ಕಲ್ಲು, ಮತ್ತೆ ಬಂದ್, ಮತ್ತೆ ಕೇಸು. ಕೇಸು ಬಿದ್ದವರು ಯಾರು? ಎರಡೂ ಕಡೆ ಕೂಲಿಯವರ ಮಕ್ಕಳು.

ಇಷ್ಟೆಲ್ಲ ಗದ್ದಲದ ನಡುವೆ ನಮಗೊಂದು ಸಂಶಯ. ಪ್ರತಿಮೆಯ ರಾಯಣ್ಣನಿಗಾಗಿ ಹೊಡೆದಾಡಿದವರಲ್ಲಿ ಹಾಡಿನ ರಾಯಣ್ಣನನ್ನು ಕೂತು ಕೇಳಿದವರು ಎಷ್ಟು ಮಂದಿ? ಪ್ರತಿಮೆ ಬರುವುದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಈ ನೆಲದಲ್ಲಿ ರಾಯಣ್ಣನ ಲಾವಣಿ ಇತ್ತು. ಅದು ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು, ಏನು ಹೇಳುತ್ತದೆ, ನಮ್ಮಂಥವರಿಗೆ ಅದರಲ್ಲಿ ಏನಿದೆ, ಏನಿಲ್ಲ – ಇದನ್ನು ಕೇಳದೆ ನಮಗೆ ಗತ್ಯಂತರವಿಲ್ಲ.

*

ನಾವು ರಾಯಣ್ಣನನ್ನು ಮೊದಲು ಕಂಡದ್ದು ಕಿವಿಯಿಂದ. ಸುಗ್ಗಿ ಮುಗಿದು ಜಾತ್ರೆಯ ಹಂಗಾಮು. ಗುಡಿಯ ಮುಂದೆ ಜಮಖಾನೆ, ನೆತ್ತಿಯ ಮೇಲೆ ಗ್ಯಾಸಬತ್ತಿ. ಗೀಗೀ ಮೇಳದವರು ಮೂರು ನಾಲ್ಕು ಜನ: ಒಬ್ಬನ ಕೈಯಲ್ಲಿ ಡಪ್ಪು, ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನಿಗೆ ತಾಳ. ಮುಂದಿನವನು ಒಂದು ನುಡಿ ಎತ್ತಿದರೆ ಹಿಂದಿನವರು ‘ಗೀಯ ಗೀಯ’ ಎಂದು ದನಿಗೂಡಿಸುವರು. ಆ ದನಿಯಿಂದಲೇ ಗೀಗೀ ಪದ ಎಂಬ ಹೆಸರು. ಪಲ್ಲ, ಏರು, ಇಳುವು, ಕೂಡಪಲ್ಲ – ಹೀಗೆ ಲಾವಣಿಗೆ ಅದರದೇ ಮೆಟ್ಟಿಲುಗಳು. ಕಥೆ ಏರುತ್ತದೆ, ಇಳಿಯುತ್ತದೆ, ತಿರುಗಿ ಪಲ್ಲಕ್ಕೆ ಬಂದು ಕೂಡುತ್ತದೆ.

ಊರವರು ಗುಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ನಮ್ಮ ಕೇರಿಯ ಮಂದಿ ಬೇವಿನ ಗಿಡದ ಆಚೆ, ಬೆಳಕು ಮುಗಿಯುವ ಕಡೆ. ಬತ್ತಿಯ ಬೆಳಕಿಗೆ ಜಾತಿ ಇತ್ತು. ದನಿಗೆ ಮಾತ್ರ ಇರಲಿಲ್ಲ. ಕಟ್ಟೆಯ ಮೇಲಿನವನಿಗೆ ಎಷ್ಟು ಕೇಳಿಸಿತೋ ನಮಗೂ ಅಷ್ಟೇ ಕೇಳಿಸಿತು. ರಾಯಣ್ಣ ಸೆರೆ ಸಿಕ್ಕುವ ನುಡಿ ಬಂದಾಗ ನಮ್ಮ ಅವ್ವಂದಿರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. “ಯಾಕವ್ವ ಅಳತಿ, ಅಂವ ನಮ್ಮಾಂವ ಏನು?” ಎಂದು ಕೇಳಿದರೆ, “ಹೊಲ ಕಳಕೊಂಡಾಂವ ನಮ್ಮಾಂವ ಅಲ್ಲೇನೋ?” ಎನ್ನುತ್ತಿದ್ದರು.

ಆ ಮಾತು ಅಂದು ನಮಗೆ ತಿಳಿಯಲಿಲ್ಲ. ಲಾವಣಿಯ ಹುಟ್ಟು ಹುಡುಕುತ್ತ ಹೋದ ಮೇಲೆ ತಿಳಿಯಿತು.

*

ರಾಯಣ್ಣ ಮಲಪ್ರಭೆಯ ದಂಡೆಯ ಸಂಗೊಳ್ಳಿಯವನು, ಕುರುಬರ ಮನೆಯ ಮಗ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅವನು ಹುಟ್ಟಿದ ಊರಿನ ನೀರು ಬಂದದ್ದು ಅವನು ಸತ್ತ ತಾಲೂಕಿನಿಂದಲೇ. ಅವನು ದೊರೆಯಲ್ಲ, ದೇಸಾಯಿಯಲ್ಲ, ಗೌಡನೂ ಅಲ್ಲ. ಕಿತ್ತೂರು ಸಂಸ್ಥಾನದ ಶೇತಸನದಿ, ಊರ ಮಂದಿಯ ಬಾಯಲ್ಲಿ ವಾಲೀಕಾರ. ಶೇತ ಎಂದರೆ ಹೊಲ, ಸನದು ಎಂದರೆ ಆ ಹೊಲಕ್ಕೆ ಕೊಟ್ಟ ಕಾಗದ. ಊರು ಕಾಯಬೇಕು, ಕರೆ ಬಂದರೆ ಕತ್ತಿ ಹಿಡಿದು ಹೋಗಬೇಕು, ಅದಕ್ಕೆ ಬದಲಾಗಿ ಒಂದು ತುಂಡು ಹೊಲ. ಪಗಾರವಿಲ್ಲ. ಆ ಹೊಲವೇ ಪಗಾರ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಸತ್ತ. ಅವನು ತೆಗೆದುಕೊಂಡ ದತ್ತುಮಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ದಂಡು ತಂದು ಕೋಟೆಯ ಮುಂದೆ ನಿಂತ. ಅಕ್ಟೋಬರ್ 23ರಂದು ಅವನೇ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಇಷ್ಟು ಶಾಲೆಯ ಪುಸ್ತಕದಲ್ಲಿ ಇದೆ. ಪುಸ್ತಕ ಇಲ್ಲಿಗೆ ನಿಂತು ಉಸಿರು ಬಿಡುತ್ತದೆ. ಲಾವಣಿ ಇಲ್ಲಿಂದ ಉಸಿರು ತೆಗೆದುಕೊಳ್ಳುತ್ತದೆ.

ಕೋಟೆ ಬಿದ್ದ ಮೇಲೆ ಏನಾಯಿತು? ಕಂಪನಿಯ ಲೆಕ್ಕದವರು ಊರೂರಿಗೆ ಬಂದರು. ಚಾಕರಿಯ ಹೊಲಗಳ ಮೇಲೆ ಕಣ್ಣು ಹಾಕಿದರು. ರಾಯಣ್ಣನ ಹೊಲದಲ್ಲಿ ಒಂದು ಪಾಲು ಹೋಯಿತು, ಉಳಿದದ್ದರ ಮೇಲೆ ಪಟ್ಟಿ ಏರಿತು. ಪಟ್ಟಿ ಕಟ್ಟಲಿಲ್ಲವೆಂದು ಊರ ಕುಲಕರ್ಣಿ ರಾಯಣ್ಣನ ತಾಯಿ ಕೆಂಚವ್ವನನ್ನು ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೊರಿಸಿದನೆಂದು ಜನ ಇಂದಿಗೂ ಹೇಳುತ್ತಾರೆ. ಸರ್ಕಾರಿ ಕಾಗದ ಇಂಥ ಮಾತನ್ನು ಬರೆದುಕೊಳ್ಳುವುದಿಲ್ಲ. ಬಾಕಿ ಎಷ್ಟು ಎಂಬುದನ್ನು ಬರೆದುಕೊಳ್ಳುತ್ತದೆ. ಬಾಕಿಗಾಗಿ ಯಾರ ಬೆನ್ನು ಬಾಗಿತು ಎಂಬುದನ್ನು ಮಂದಿಯೇ ನೆನಪಿಟ್ಟುಕೊಳ್ಳಬೇಕು.

ಈ ಕಥೆಯಲ್ಲಿ ಬೆನ್ನ ಮೇಲೆ ಕಲ್ಲು ಹೇರಿದವನು ಬಿಳಿಯನಲ್ಲ. ನಮ್ಮ ಊರಿನವನು, ನಮ್ಮ ಭಾಷೆಯವನು. ಇದನ್ನು ಓದುಗರು ಗಮನಿಸಬೇಕು.

*

ರಾಯಣ್ಣನ ಬಂಡಾಯ ನಡೆದದ್ದು 1829–30ರಲ್ಲಿ. ನೂರಾರು ಜನ ಅವನ ಹಿಂದೆ ಬಂದರು. ಬಿಚ್ಚುಗತ್ತಿ ಚನ್ನಬಸಪ್ಪ ಬಂದ. ಅಡವಿಯಿಂದ ಸಿದ್ದಿ ಗಜವೀರ ಬಂದನೆಂದು ಹೇಳುತ್ತಾರೆ. ಎಂದೋ ಆಫ್ರಿಕಾದಿಂದ ಗುಲಾಮರಾಗಿ ಬಂದು ಅಡವಿ ಸೇರಿದ ಮಂದಿಯ ಮಗ ಅವನು.

ಈ ಮಂದಿ ಹೋದದ್ದು ಎಲ್ಲಿಗೆ? ನಕಾಶೆ ತೆಗೆದು ನೋಡಿದರೆ ಬಂಡಾಯದ ಬಹುಪಾಲು ಇಂದಿನ ಖಾನಾಪುರ ತಾಲೂಕಿನಲ್ಲೇ ಇದೆ. 1830ರ ಜನವರಿಯಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ನಂದಗಡದ ಮೇಲೆ ದಾಳಿಯಾಯಿತು. ಖಾನಾಪುರದ ಕಚೇರಿ ಹೊತ್ತಿತು. ಸಂಪಗಾವಿಯ ಕಡೆಗೂ ಬೆಂಕಿ ಹೋಯಿತು. ಹಾಡಿನಲ್ಲಿ ಊರಿನ ಹೆಸರು ಬಂದಾಗಲೆಲ್ಲ ಕಚೇರಿ ಬರುತ್ತದೆ, ಕಚೇರಿ ಬಂದಾಗಲೆಲ್ಲ ಬೆಂಕಿ ಬರುತ್ತದೆ.

ಯಾಕೆ ಕಚೇರಿ? ಯಾಕೆಂದರೆ ದಫ್ತರ ಅಲ್ಲಿತ್ತು. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾವುದು ಜಪ್ತಿ, ಎಲ್ಲ ಕಾಗದದಲ್ಲಿ. ಕಂಪನಿಯ ನಿಜವಾದ ಕೋಟೆ ಕಲ್ಲಿನದಾಗಿರಲಿಲ್ಲ, ಕಾಗದದ್ದಾಗಿತ್ತು. ಓದು ಬರಹ ಬಾರದ ವಾಲೀಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕುಲಕರ್ಣಿ ಕಡತ ಬಿಚ್ಚಿದ ದಿನವೇ ಅವರ ಹೊಲ ಹೋಗಿತ್ತಲ್ಲ! ನಮ್ಮ ಪಂಡಿತರಲ್ಲಿ ಕೆಲವರು ಇದನ್ನು ಬರಿಯ ಲೂಟಿ ಎಂದರು, ಕೆಲವರು ರಾಜಭಕ್ತಿ ಎಂದರು. ಬೆಂಕಿ ಇಟ್ಟ ಜಾಗ ಯಾವುದು ಎಂದು ನೋಡಿದ್ದರೆ ಅದು ರೈತನ ಸಿಟ್ಟು ಎಂದು ತಿಳಿಯುತ್ತಿತ್ತು.

1830ರ ಏಪ್ರಿಲಿನಲ್ಲಿ ರಾಯಣ್ಣ ಡೋರಿ ಬೆಣಚಿ ಹಳ್ಳದಲ್ಲಿ ಜಳಕ ಮಾಡುವಾಗ ಸಿಕ್ಕಿಬಿದ್ದ. ಜಳಕಕ್ಕೆ ಇಳಿಯುವ ಮುಂದೆ ನಂಬಿದವನೊಬ್ಬನ ಕೈಯಲ್ಲಿ ಕತ್ತಿ ಕೊಟ್ಟಿದ್ದನಂತೆ. ಬೇಡಿದಾಗ ಆ ಕತ್ತಿ ತಿರುಗಿ ಬರಲಿಲ್ಲವಂತೆ. ಹಿಡಿದುಕೊಟ್ಟವರು ಖೊದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಎಂದು ಮಂದಿ ಹೆಸರು ಹಿಡಿದು ಹೇಳುತ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಸುಟ್ಟ ಊರಿನಲ್ಲೇ ಅವನನ್ನು ನೇಣು ಹಾಕಿದರು, ನೋಡಿದವರಿಗೆಲ್ಲ ಬುದ್ಧಿ ಬರಲಿ ಎಂದು.

ಮಂದಿ ನೋಡಿದರು. ಬುದ್ಧಿ ಬಂತೋ ಇಲ್ಲವೋ, ಹಾಡು ಬಂತು.

*

ಲಾವಣಿ ಕಟ್ಟಿದವನು ಯಾರು? ಲಾವಣಿಯ ಪದ್ಧತಿ ಎಂದರೆ ಕೊನೆಯ ನುಡಿಯಲ್ಲಿ ಅಂಕಿತ ಬರುವುದು. ಅದರಲ್ಲಿ ಊರು ಬರುತ್ತದೆ, ಊರ ದೇವರು ಬರುತ್ತಾನೆ, ಗುರು ಬರುತ್ತಾನೆ. ಹಲಗಲಿಯ ಬೇಡರ ಲಾವಣಿಯ ಕೊನೆಗೆ ಕುರ್ತಕೋಟಿಯ ಕಲ್ಮೇಶ ಬರುವುದನ್ನು ಶಾಲೆಯಲ್ಲಿ ಓದಿದವರು ಬಲ್ಲರು. ಕಟ್ಟಿದವನು ತನ್ನ ಹೆಸರನ್ನು ಹಿಂದಕ್ಕೆ ಸರಿಸಿ ಊರನ್ನು ಮುಂದೆ ಮಾಡುತ್ತಾನೆ. ಬಾಯಿಂದ ಬಾಯಿಗೆ ಹೋದಂತೆ ನುಡಿ ಸೇರುತ್ತದೆ, ನುಡಿ ಉದುರುತ್ತದೆ. ಹಾಡಿದವನೆಲ್ಲ ಅರ್ಧ ಕವಿ.

ರಾಯಣ್ಣನ ಲಾವಣಿ ಮೊದಲು ಅಚ್ಚಾದ ಕಥೆ ಇನ್ನೂ ವಿಚಿತ್ರ. ಅದನ್ನು ಅಚ್ಚು ಹಾಕಿಸಿದವನು ಒಬ್ಬ ಇಂಗ್ರೇಜಿ ಅಧಿಕಾರಿ, ಜೆ.ಎಫ್. ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ಕಂದಾಯ ಖಾತೆಗೆ ಬಂದವನು. ಕನ್ನಡ ಕಲಿತ, ಶಾಸನ ಓದಿದ, ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ 1882ರಲ್ಲಿ ಗ್ರಂಥ ಬರೆದ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆ, ಸಂಗ್ಯಾನ ಕೊಲೆ – ಇವೆಲ್ಲ ಅವನ ಸಂಗ್ರಹದಲ್ಲಿವೆ.

ಯೋಚಿಸಿ ನೋಡಿ. ರಾಯಣ್ಣ ಸುಟ್ಟದ್ದು ಕಂದಾಯದ ಕಚೇರಿ. ಅವನ ಹಾಡನ್ನು ಕಾಗದಕ್ಕೆ ಇಳಿಸಿದ್ದು ಅದೇ ಕಂದಾಯದ ಖಾತೆಗೆ ಬಂದ ಅಧಿಕಾರಿ. ನೇಣು ಹಾಕಿ ಐವತ್ತು ವರ್ಷ ಕಳೆದ ಮೇಲೆ ಸರ್ಕಾರಕ್ಕೆ ರಾಯಣ್ಣನ ಭಯ ಹೋಗಿತ್ತು, ಕುತೂಹಲ ಉಳಿದಿತ್ತು. ಫ್ಲೀಟನಿಗೆ ನಾವು ಕೃತಜ್ಞರಲ್ಲ ಎಂದಲ್ಲ. ಅವನು ಬರೆದುಕೊಳ್ಳದಿದ್ದರೆ ಅಂದಿನ ಪಾಠ ನಮಗೆ ಸಿಗುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಕನ್ನಡದ ದೊಡ್ಡ ಪಂಡಿತರು ಏನು ಮಾಡುತ್ತಿದ್ದರು? ಹಳಗನ್ನಡ ಕಾವ್ಯಗಳನ್ನು ಶೋಧಿಸುತ್ತಿದ್ದರು. ಒಳ್ಳೆಯದೇ. ಆದರೆ ಡಪ್ಪಿನ ಹಾಡು ಸಾಹಿತ್ಯವೆಂದು ಅವರಿಗೆ ಅನ್ನಿಸಲಿಲ್ಲ. ಪರದೇಶದವನಿಗೆ ಕೇಳಿಸಿದ ದನಿ ಪಕ್ಕದ ಓಣಿಯವನಿಗೆ ಕೇಳಿಸಲಿಲ್ಲ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಬೆಳಗಾವಿ ಪಲ್ಟಣಿನ ಊರು, ಕಾಲೇಜಿನ ಊರು. ಇಲ್ಲಿ ಗಿಟಾರು ಕಲಿಯುವ ಹುಡುಗರು ಬೇಗ ಕಲಿಯುವ ಒಂದು ಇಂಗ್ಲಿಷ್ ಹಾಡಿದೆ: ‘ದ ಹೌಸ್ ಆಫ್ ದ ರೈಸಿಂಗ್ ಸನ್’. 1964ರಲ್ಲಿ ಇಂಗ್ಲೆಂಡಿನ ‘ದಿ ಅನಿಮಲ್ಸ್’ ಎಂಬ ತಂಡ ಹಾಡಿ ಅದು ಜಗತ್ತಿಗೆಲ್ಲ ಹಬ್ಬಿತು, ರಾಕ್ ಸಂಗೀತದ ಮೇರುಗೀತೆ ಎನಿಸಿತು. ಅದನ್ನು ಕಟ್ಟಿದವರು ಆ ತಂಡದವರಲ್ಲ. ಅದು ಅಮೆರಿಕದ ಬಡವರ ಬಾಯಲ್ಲಿದ್ದ ಹಳೆಯ ಹಾಡು. 1933ರಲ್ಲೇ ಅದರ ಧ್ವನಿಮುದ್ರಿಕೆ ಆಗಿತ್ತು. 1937ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕ ಕೆಂಟಕಿಯ ಗಣಿ ಪ್ರದೇಶದಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಹುಡುಗಿಯಿಂದ ಅದನ್ನು ಮುದ್ರಿಸಿಕೊಂಡ. ಅವಳು ಗಣಿ ಕೆಲಸದವನ ಮಗಳು. 1964ರ ತಟ್ಟೆಯ ಮೇಲೆ ಯಾರ ಹೆಸರು ಬಂತು? ಸಾಂಪ್ರದಾಯಿಕ ಹಾಡು ಎಂದು ಬರೆದು, ಹೊಂದಿಸಿದವನು ಎಂದು ತಂಡದ ಐವರಲ್ಲಿ ಒಬ್ಬನಾದ ಅಲನ್ ಪ್ರೈಸನ ಹೆಸರು ಹಾಕಿದರು. ಹಾಡಿದವನ ಹೆಸರೂ ಇಲ್ಲ, ಗಣಿಯವನ ಮಗಳ ಹೆಸರೂ ಇಲ್ಲ.

ಕೆಂಟಕಿಯಾಗಲಿ ಖಾನಾಪುರವಾಗಲಿ, ಬಡವರ ಹಾಡು ಹೀಗೇ ಕೈ ಬದಲಾಯಿಸುತ್ತದೆ. ಹೊಲದ ಹಾಗೆಯೇ. ಕಾಗದ ಯಾರ ಕೈಯಲ್ಲಿದೆಯೋ ಹೆಸರು ಅವರದು.

*

ಕಿತ್ತೂರು ಬಿದ್ದು ಸರಿಯಾಗಿ ನೂರು ವರ್ಷಕ್ಕೆ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಅದು. ಅಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದರು. ಏಕೀಕರಣದ ಇತಿಹಾಸದಲ್ಲಿ ಆ ಹಾಡಿಗೆ ತಕ್ಕ ಜಾಗ ಸಿಕ್ಕಿದೆ, ಸಿಗಬೇಕಾದ್ದೇ. ಆದರೆ ಮಂಟಪದ ಹಾಡು ಒಂದಾದರೆ ಅಡವಿ ಊರುಗಳ ಹಾಡು ಇನ್ನೊಂದು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಜನರನ್ನು ಎಬ್ಬಿಸಿದ್ದು ಗೀಗೀ ಮೇಳಗಳು. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಆ ಕಾಲದ ದೊಡ್ಡ ಹೆಸರು. ಪತ್ರಿಕೆ ಹೋಗದ ಕಡೆ ಡಪ್ಪು ಹೋಯಿತು.

ಆಗಲೇ ಲಾವಣಿಯ ರಾಯಣ್ಣನಿಗೆ ಹೊಸ ಉಡುಪು ಬಂತು. ವಾಲೀಕಾರ ರಾಯಣ್ಣ ದೇಶಭಕ್ತ ರಾಯಣ್ಣನಾದ. ಆಮೇಲೆ ನಾಟಕ ಬಂತು, 1967ರಲ್ಲಿ ಸಿನಿಮಾ ಬಂತು, 2012ರಲ್ಲಿ ಇನ್ನೊಂದು ದೊಡ್ಡ ಸಿನಿಮಾ ಬಂತು. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೂ ಅವನ ಹೆಸರು ಬಂತು. ದೇಶಭಕ್ತನೆಂದು ಕರೆದರೆ ನಮ್ಮ ತಕರಾರಿಲ್ಲ. ಆದರೆ ಹೊಸ ಉಡುಪು ಹಾಕುವ ಭರದಲ್ಲಿ ಹಳೆಯ ಕಂಬಳಿ ಎಲ್ಲಿಟ್ಟರು? ಆ ಕಂಬಳಿಯ ಗಂಟಿನಲ್ಲಿ ಹೊಲದ ಮಾತು ಇತ್ತು. ಈಗಿನ ಭಾಷಣಗಳಲ್ಲಿ ಕತ್ತಿ ಇದೆ, ಕುದುರೆ ಇದೆ, ನಾಡು ಇದೆ, ನುಡಿ ಇದೆ. ಪಟ್ಟಿಯೂ ಇಲ್ಲ, ದಫ್ತರವೂ ಇಲ್ಲ, ಹಿಡಿದುಕೊಟ್ಟ ಗೌಡರೂ ಇಲ್ಲ.

*

ಕಾಂಗ್ರೆಸ್ ಅಧಿವೇಶನವಾದ ನಾಲ್ಕು ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಗೆ ಬಾಬಾಸಾಹೇಬ ಅಂಬೇಡ್ಕರರು ಬಂದರು. ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಅಲ್ಲಿ ಸೇರಿತ್ತು. ಮೂರು ವರ್ಷ ಬಿಟ್ಟು, 1928ರಲ್ಲಿ, ಅವರು ಮುಂಬಯಿ ಶಾಸನ ಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯನ್ನು ತಿದ್ದುವ ಮಸೂದೆ ಅದು. ವಿಷಯ ಮಹಾರ ವತನ.

ವತನ ಎಂದರೆ ಏನು? ಊರ ಚಾಕರಿಗೆ ಕೊಟ್ಟ ತುಂಡು ಹೊಲ. ಹಗಲು ರಾತ್ರಿ ಎನ್ನದೆ ಸರ್ಕಾರದ ಕೆಲಸ, ಊರ ಕೆಲಸ. ಟಪಾಲು ಒಯ್ಯಬೇಕು, ಸಾಹೇಬ ಬಂದರೆ ಓಡಬೇಕು, ಸತ್ತ ದನ ಎಳೆಯಬೇಕು, ಹೆಣದ ಸುದ್ದಿ ಮುಟ್ಟಿಸಬೇಕು. ಅಪ್ಪ ಹೋಗದಿದ್ದರೆ ಮಗ ಹೋಗಬೇಕು. ಇದಕ್ಕೆಲ್ಲ ಬದಲಾಗಿ ತಲೆಮಾರಿನಿಂದ ತಲೆಮಾರಿಗೆ ಚೂರಾಗುತ್ತ ಬಂದ ಹೊಲ, ಸುಗ್ಗಿಯಲ್ಲಿ ಬೇಡಿ ತರುವ ಆಯ. ಇದು ಹೊಲವಲ್ಲ, ಕಾಲಿಗೆ ಕಟ್ಟಿದ ಹಗ್ಗ ಎಂಬುದನ್ನು ಬಾಬಾಸಾಹೇಬರು ಕಂಡರು. ಚಾಕರಿಯಿಂದ ಬಿಡುಗಡೆ ಬೇಕು, ಭೂಮಿಯ ಮೇಲೆ ಹಕ್ಕು ಬೇಕು ಎಂದು ಹಟ ಹಿಡಿದರು.

ಈಗ ನಮ್ಮ ಅವ್ವಂದಿರ ಮಾತು ಅರ್ಥವಾಗುತ್ತದೆ. ರಾಯಣ್ಣನ ಶೇತಸನದಿ ಹೊಲವೂ ನಮ್ಮ ಕೇರಿಯ ವತನದ ಹೊಲವೂ ಒಂದೇ ಬಳ್ಳಿಯ ಕಾಯಿ. ಒಬ್ಬ ಊರು ಕಾಯುವವನು, ಇನ್ನೊಬ್ಬ ಊರು ಬಳಿಯುವವನು. ಇಬ್ಬರಿಗೂ ಹೊಲವೇ ಪಗಾರ, ಇಬ್ಬರ ಹೊಲವೂ ಮೇಲಿನವರ ಕಾಗದದಲ್ಲಿ. ಆದ್ದರಿಂದಲೇ ಬೇವಿನ ಗಿಡದ ಆಚೆ ಕೂತವರು ಅತ್ತದ್ದು.

ಆ ಕಾಗದದ ಕಥೆ ಇನ್ನೂ ಮುಗಿದಿಲ್ಲ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂತು, 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಚಾಕರಿ ಹೋಯಿತು, ಹೊಲವನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡಬೇಕೆಂದಾಯಿತು. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯಿದೆ ಬಂತು. ಅದರಿಂದ ಬಹಳ ಮಂದಿಗೆ ಭೂಮಿ ತಿರುಗಿ ಬಂದದ್ದು ನಿಜ. ಆದರೆ ‘ಮಂಜೂರಾದ ಭೂಮಿ’ ಎಂದರೇನು ಎಂದು ಆ ಕಾಯಿದೆ ಹೇಳುವಲ್ಲಿ ಒಂದು ಸಣ್ಣ ಮಾತಿದೆ: ವಂಶಪಾರಂಪರ್ಯ ಹುದ್ದೆಗಳಿಗೆ, ಹಕ್ಕುಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು. ಎಂದರೆ, ತಲೆತಲಾಂತರ ಸತ್ತ ದನ ಹೊತ್ತು ಗಳಿಸಿದ ಹೊಲವೇ ಆ ರಕ್ಷಣೆಯಿಂದ ಹೊರಗೆ! 2023ರಲ್ಲಿ ಆ ಕಾಯಿದೆಗೆ ತಿದ್ದುಪಡಿ ತಂದು, ಅರ್ಜಿ ಹಾಕಲು ತಡವಾಯಿತೆಂಬ ಅಡ್ಡಿಯನ್ನು ತೆಗೆದರು. ಒಳ್ಳೆಯ ಕೆಲಸ. ಆ ಸಣ್ಣ ಮಾತನ್ನು ಮುಟ್ಟಲಿಲ್ಲ. ರಾಯಣ್ಣನ ಹೆಸರು ಹೇಳಿ ಓಟು ಕೇಳುವವರು ಈ ಮಾತನ್ನು ಎತ್ತಿದ್ದನ್ನು ನಾವು ಕೇಳಿಲ್ಲ.

*

ಲಾವಣಿಯನ್ನು ಇಷ್ಟು ಹೊಗಳಿದ ಮೇಲೆ ಅದರೊಡನೆ ನಮ್ಮ ಜಗಳವನ್ನೂ ಹೇಳಬೇಕು. ಜಗಳವಿಲ್ಲದ ಪ್ರೀತಿ ಭಜನೆಯಾಗುತ್ತದೆ.

ಮೊದಲನೆಯದು: ಹಾಡಿನಲ್ಲಿ ನಮ್ಮ ಕೇರಿ ಎಲ್ಲಿ? ಗೌಡರ ಹೆಸರಿದೆ, ಅದು ದ್ರೋಹದ ಹೆಸರಾದರೂ ಹೆಸರೇ. ಸರದಾರರ ಹೆಸರಿದೆ, ಸಾಹೇಬರ ಹೆಸರಿದೆ. ಅಡವಿಯಲ್ಲಿ ಸುದ್ದಿ ಮುಟ್ಟಿಸಿದವರು, ಹೊಳೆ ದಾಟಿಸಿದವರು, ರೊಟ್ಟಿ ಬುತ್ತಿ ಹೊತ್ತವರು, ಕೆರ ಹೊಲಿದವರು ಯಾರು? ನೂರಾರು ಜನರ ದಂಡು ಗಾಳಿ ಕುಡಿದು ಬದುಕಲಿಲ್ಲ. ಆ ಹೆಸರುಗಳು ಸರ್ಕಾರದ ದಫ್ತರದಲ್ಲೂ ಇಲ್ಲ, ಬಂಡಾಯದ ಹಾಡಿನಲ್ಲೂ ಇಲ್ಲ. ಹಾಡಿನ ತಾಳದಲ್ಲಿ ಮಾತ್ರ ನಾವಿದ್ದೇವೆ. ಆ ಡಪ್ಪಿನ ಚರ್ಮ ಸುಲಿದು ಹದ ಮಾಡಿದ ಕೈ ಕೇರಿಯದು. ನುಡಿಯಲ್ಲಿ ಜಾಗ ಸಿಗದವರು ಪೆಟ್ಟಿನಲ್ಲಿ ಇದ್ದಾರೆ.

ಎರಡನೆಯದು ಇನ್ನೂ ಕಠಿಣ. ರಾಯಣ್ಣ ಬಡಿದಾಡಿದ್ದು ಕಿತ್ತೂರಿನ ಗಾದಿಯ ಮೇಲೆ ದತ್ತುಮಗ ಶಿವಲಿಂಗಪ್ಪನನ್ನು ಕೂಡಿಸಬೇಕೆಂದು. ಗೆದ್ದಿದ್ದರೆ ಏನಾಗುತ್ತಿತ್ತು? ಸಂಸ್ಥಾನ ತಿರುಗಿ ಬರುತ್ತಿತ್ತು. ಸಂಗೊಳ್ಳಿಯ ಬಾವಿಯಲ್ಲಿ ನಮ್ಮ ಅಜ್ಜಿಗೆ ನೀರು ಸಿಗುತ್ತಿತ್ತೇ? ಗುಡಿಯ ಕಟ್ಟೆ ಏರಲು ಬಿಡುತ್ತಿದ್ದರೇ? ಲಾವಣಿ ಈ ಪ್ರಶ್ನೆ ಕೇಳುವುದಿಲ್ಲ. ಕೇಳುವ ಕಾಲ ಅದಾಗಿರಲಿಲ್ಲ ಎಂದು ಕೆಲವರು ಹೇಳಬಹುದು. ಕೇಳುವವರು ಕತ್ತಲಲ್ಲಿ ಕೂತಿದ್ದರು ಎಂದು ನಾವು ಹೇಳುತ್ತೇವೆ. ಹೊಲಕ್ಕಾಗಿ ಎದ್ದ ವಾಲೀಕಾರ ನಮ್ಮವನು. ಗಾದಿಗಾಗಿ ನಿಂತ ಸರದಾರನ ಮುಂದೆ ನಮ್ಮ ಪ್ರಶ್ನೆ ಉಳಿಯುತ್ತದೆ. ಇಬ್ಬರೂ ಒಬ್ಬನೇ ಮನುಷ್ಯ ಎಂಬುದೇ ಈ ಹಾಡಿನ ಸಂಕಟ.

ಮೂರನೆಯದು ಭಾಷೆಯ ಮಾತು. ಲಾವಣಿ ಎಂಬ ಪದವನ್ನೇ ಕನ್ನಡ ಮರಾಠಿ ಎರಡೂ ಹಂಚಿಕೊಂಡಿವೆ. ತುಂತುಣಿ ಎರಡೂ ಕಡೆ ಇದೆ. ಖಾನಾಪುರದ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ತಕ್ಕಡಿಯ ಮುಂದೆ ಚೌಕಾಸಿ ಮಾಡುತ್ತವೆ. ಮರಾಠಿಯ ದೊಡ್ಡ ಶಾಹಿರ ಅಣ್ಣಾಭಾವು ಸಾಠೆ ಮಾಂಗ ಜಾತಿಯವನು, ಎಂದರೆ ನಮ್ಮ ಮಾದಿಗರ ದಾಯಾದಿ, ಚರ್ಮವಾದ್ಯದ ವಂಶದವನು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಅವನು ಕಟ್ಟಿದ ‘ಮಾಝೀ ಮೈನಾ’ ಎಂಬ ಹಾಡಿನಲ್ಲಿ ಬೆಳಗಾವಿ ಕೈಬಿಟ್ಟ ಅಳಲು ಇದೆ. ಗಡಿಯ ವಿಷಯದಲ್ಲಿ ನಾವು ಅವನೊಡನೆ ಒಪ್ಪುವುದಿಲ್ಲ. ಬೆಳಗಾವಿ ಕರ್ನಾಟಕದ್ದು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕೂಲಿಕಾರನ ವಿಷಯದಲ್ಲಿ, ಜಾತಿಯ ವಿಷಯದಲ್ಲಿ ಅವನು ಹಾಡಿದ್ದು ನಮ್ಮ ಹಾಡು. ಗಡಿಯ ಆಚೆಗೂ ಈಚೆಗೂ ಚರ್ಮ ಹದ ಮಾಡಿದ ಕೈ ಒಂದೇ. ಪೀರನವಾಡಿಯ ಚೌಕದಲ್ಲಿ ಕಲ್ಲು ಹಿಡಿದು ಎದುರುಬದುರು ನಿಂತ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

*

ನಂದಗಡದಲ್ಲಿ ರಾಯಣ್ಣನ ಸಮಾಧಿ ಇದೆ, ದೊಡ್ಡ ಆಲದ ಮರವಿದೆ. ಆ ಆಲವನ್ನು ನೆಟ್ಟವನು ಬಿಚ್ಚುಗತ್ತಿ ಚನ್ನಬಸಪ್ಪ, ವೇಷ ಮರೆಸಿಕೊಂಡು ಬಂದು ನೆಟ್ಟ ಎಂದು ಹೇಳುತ್ತಾರೆ. ಮಕ್ಕಳಿಲ್ಲದ ಹೆಂಗಸರು ಅದಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ವಿಚಾರವಾದಿಗಳು ಇದನ್ನು ಮೂಢನಂಬಿಕೆ ಎನ್ನುವರು. ನಾವೂ ಎಷ್ಟೋ ಸಲ ಅಂದಿದ್ದೇವೆ. ಮರದ ಕೆಳಗೆ ನಿಂತು ನೋಡಿದಾಗ ಬೇರೆ ಯೋಚನೆ ಬಂತು. ಸರ್ಕಾರ ನೇಣು ಹಾಕಿ ಇವನ ಪೀಳಿಗೆ ಮುಗಿಸಿದೆ ಅಂದುಕೊಂಡಿತು. ಹೆಂಗಸರು ಅವನ ಹತ್ತಿರವೇ ಹೋಗಿ ಮಕ್ಕಳನ್ನು ಬೇಡಿದರು. ಓದು ಬಾರದ ಮಂದಿ ಸರ್ಕಾರದ ತೀರ್ಪನ್ನು ಒಪ್ಪಲಿಲ್ಲ ಎಂದು ಹೇಳುವ ಬಗೆ ಇದು. ಲಾವಣಿ ಮಾಡಿದ ಕೆಲಸವನ್ನೇ ಆ ಪುಟ್ಟ ತೊಟ್ಟಿಲುಗಳು ಮಾಡುತ್ತಿವೆ.

ಜನವರಿ 26ಕ್ಕೆ ಅಲ್ಲಿ ಮಂದಿ ಸೇರುತ್ತಾರೆ. ಗಣರಾಜ್ಯದ ಬಾವುಟವೂ ಅದೇ ದಿನ. ಬಾಬಾಸಾಹೇಬರು ಬರೆದ ಸಂವಿಧಾನ ಜಾರಿಗೆ ಬಂದ ದಿನವೂ ರಾಯಣ್ಣನನ್ನು ನೇಣಿಗೆ ಹಾಕಿದ ದಿನವೂ ಒಂದೇ ಆಗಿರುವುದು ಕಾಕತಾಳೀಯವಿರಬಹುದು. ನಾವು ಅದನ್ನು ಹಾಗೇ ಬಿಡಲು ತಯಾರಿಲ್ಲ. ರಾಯಣ್ಣ ಬೆಂಕಿ ಇಟ್ಟದ್ದು ಅವನ ಹೊಲವನ್ನು ಕಿತ್ತುಕೊಂಡ ಕಾಗದಕ್ಕೆ. ನಮ್ಮ ಕೈಯಲ್ಲಿ ಈಗ ಬೇರೊಂದು ಕಾಗದ ಇದೆ. ಅದನ್ನು ಸುಡುವುದಲ್ಲ, ಓದುವುದು ನಮ್ಮ ಕೆಲಸ. ಓದಿ ಕಚೇರಿಯ ಮುಂದೆ ಕೂತು ಉತಾರ ಕೇಳುವುದು.

ಇನ್ನು ಹಾಡಿನ ಮಾತು. ಲಾವಣಿ ಹಾಡುವವರು ಈಗ ಊರಿಗೆ ಒಬ್ಬರೂ ಸಿಗುವುದು ಕಷ್ಟ. ಉತ್ಸವಕ್ಕೆ ಕರೆದು ಹತ್ತು ನಿಮಿಷ ಕೊಡುತ್ತಾರೆ, ಮಂತ್ರಿ ಬಂದರೆ ಅದನ್ನೂ ಕಿತ್ತುಕೊಳ್ಳುತ್ತಾರೆ. ಒಮ್ಮೆ ನಮ್ಮ ಮುಂದೆಯೇ ಒಬ್ಬ ಮುದುಕ ಹಾಡುಗಾರನನ್ನು ನುಡಿಯ ನಡುವೆ ನಿಲ್ಲಿಸಿದರು. ಅವನು ತುಂತುಣಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಕೆಳಗಿಳಿದ. “ಪದ ಅರ್ಧಕ್ಕ ನಿಂತಿತಲ್ಲಜ್ಜಾ” ಎಂದೆವು. “ನಿಂದ್ರಲಿಲ್ಲಪಾ, ಉಳಿತು. ಯಾರರ ಮುಂದಿಂದ ಹಾಡ್ರಿ” ಎಂದ.

ಗೆಳೆಯರೇ, ನಿಮ್ಮ ನಿಮ್ಮ ಊರಿನಲ್ಲಿ ಈ ಹಾಡು ಬಲ್ಲವರು ಇದ್ದರೆ ಹೋಗಿ ಕೂತು ಕೇಳಿರಿ, ಬರೆದುಕೊಳ್ಳಿರಿ. ಬರೆದುಕೊಳ್ಳುವಾಗ ಹಾಡಿದವರ ಹೆಸರು, ಊರು, ಓಣಿ ಮೊದಲು ಬರೆಯಿರಿ. ಫ್ಲೀಟ್ ಸಾಹೇಬ ಮಾಡಿದ ಕೆಲಸವನ್ನು ನಾವು ಮಾಡಬೇಕು, ಇನ್ನೂ ಚೆನ್ನಾಗಿ ಮಾಡಬೇಕು. ಮುಂದಿನ ನುಡಿಯಲ್ಲಿ ಬೇವಿನ ಗಿಡದ ಆಚೆಯ ಮಂದಿಯ ಹೆಸರೂ ಬರಬೇಕು. ಅದನ್ನು ಕಟ್ಟುವವರು ನಾವೇ.